ಬರ್ಗಂಡಿಯಲ್ಲೊಂದು ಹಗೇವು

ತನ್ವಿ, ಬಸವ, ಇದನ್ನು ನಿಮ್ಮಿಬ್ಬರಿಗಾಗಿಯೇ ಬರೆಯುತ್ತಿದ್ದೇನೆ. ತನ್ವಿ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಈಗಷ್ಟೇ ಒತ್ತಕ್ಷರಕ್ಕೆ ಬಂದಿದ್ದಾಳೆ. ಬಸವ ‘ಅ’ ಬರೆಯುವಾಗ ಇನ್ನೂ ನಾಲಿಗೆ ಹೊರಗೆ ಹಾಕುತ್ತಾನೆ. ಹಾಗಾಗಿ ಓದುವುದಕ್ಕೆ ನಿಮಗೆ ಅವಸರವಿಲ್ಲ, ಬರೆಯುವುದಕ್ಕೆ ನನಗೂ ಇಲ್ಲ.

ಇವತ್ತು ಬೆಳಿಗ್ಗೆ ಚಳಿ ಜೋರಾಯಿತೆಂದು ಕಪಾಟಿನಿಂದ ದಪ್ಪ ಕೋಟು ತೆಗೆದೆ. ಜೇಬಿಗೆ ಕೈ ಹಾಕಿದರೆ ಒಂದು ಬಿರಡೆ ಸಿಕ್ಕಿತು. ವೈನ್ ಬಾಟಲಿಯ ಬಿರಡೆ. ಒಂದು ತುದಿ ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆಯ ಹಾಗೆ ಬಣ್ಣ ಹತ್ತಿಸಿಕೊಂಡಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮುದುಕಿಯ ಜೇಬಿನಲ್ಲಿ ಇಂಥದ್ದು ಸಿಕ್ಕಿದ್ದರೆ ನಮ್ಮ ಊರಿನಲ್ಲಿ ಕಟ್ಟೆಯ ಮೇಲೆ ನಾಲ್ಕು ದಿನದ ಮಾತಿಗೆ ಸಾಕಾಗುತ್ತಿತ್ತು. ನಾನು ಅದನ್ನು ಮೂಗಿಗೆ ಹಿಡಿದೆ. ಅಷ್ಟರಲ್ಲಿ ಬಸವ ಸೀರಿಯಲ್ ತಿನ್ನುತ್ತಿದ್ದವನು ಕೂಗಿದ: “ಮಾಮ್, ಆಯಿ ಈಸ್ ಸ್ನಿಫಿಂಗ್ ಅಗೇನ್!”

ಹೌದಪ್ಪ, ನಿಮ್ಮ ಅಜ್ಜಿಯ ಚಾಳಿ. ಏನು ಕೈಗೆ ಸಿಕ್ಕರೂ ನಾನು ಮೂಗಿಗೆ ಹಿಡಿಯುತ್ತೇನೆ. ನನಗೆ ಮೊದಲಿನಿಂದಲೂ ಬಾಯಿ ಕಡಿಮೆ, ಮೂಗು ಜಾಸ್ತಿ. ಊರ ಶಾಲೆಯಲ್ಲಿ ಕೊನೆಯ ಸಾಲಿನಲ್ಲಿ ಗೋಡೆಗೆ ಅಂಟಿಕೊಂಡು ಕೂತವಳು ನಾನು. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಸೆರಗಿನಂತೆ ಲಂಗದ ಅಂಚನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಆದರೆ ತಲೆ ಎತ್ತದೆಯೇ ನನಗೆ ಎಲ್ಲ ಗೊತ್ತಾಗುತ್ತಿತ್ತು. ಒಳಗೆ ಬಂದವರು ತಂಬಾಕು ಹಾಕುವ ದೊಡ್ಡ ಮಾಸ್ತರರೋ, ಕುಸುಬೆ ಎಣ್ಣೆ ಹಚ್ಚಿಕೊಂಡ ಗೆಳತಿಯೋ, ಕುರಿ ಬಿಟ್ಟು ನೇರ ಶಾಲೆಗೆ ಓಡಿಬಂದ ಹುಡುಗನೋ ಎಂದು ಹೇಳಬಲ್ಲೆ. ಅಂದರೆ ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಮೂಗಿನ ಬಗ್ಗೆ ನನಗೆ ಸ್ವಲ್ಪ ಸೊಕ್ಕೂ ಇತ್ತು. ಇಲ್ಲಿ ಮ್ಯಾನ್‌ಹಟನ್ನಿನ ಎದುರು ದಂಡೆಯ ಫೋರ್ಟ್ ಲೀಗೆ ಬಂದ ಹೊಸದರಲ್ಲಿ ನಿಮ್ಮ ಅಮ್ಮ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದಳು. ನಾನು ಹಿಡಿ ತುಂಬ ಹಿಟ್ಟೆತ್ತಿ, ಮೂಸಿ, ಕಣ್ಣು ಮುಚ್ಚಿ, “ಇದು ನಮ್ಮ ಕಡೀದ ನೋಡು, ಎರಿ ಹೊಲದ ಬಿಳಿಜ್ವಾಳ. ಡೋಣಿ ಹೊಳಿ ಸಾಲಿಂದು” ಎಂದೆ. ತನ್ವಿ ಚೀಲ ತಿರುಗಿಸಿ ಓದಿದಳು: “ಆಯಿ, ಇಟ್ಸ್ ಫ್ರಮ್ ಟೆಕ್ಸಸ್.” ನಿಮ್ಮ ಅಮ್ಮ ನಕ್ಕು ನಕ್ಕು ಒಲೆಗೆ ಆತುಕೊಂಡಳು. ಟೆಕ್ಸಸ್‌ನಲ್ಲೂ ಒಂದು ಡೋಣಿ ಹರಿಯುತ್ತಿರಬೇಕು ಎಂದು ಅಂದುಕೊಂಡು ನಾನು ರೊಟ್ಟಿ ಬಡಿದೆ.

ಆ ಮೂಗು ಹೋದ ಚಳಿಗಾಲದ ಜ್ವರದಲ್ಲಿ ಹೋಯಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಮೂಗು ಮಾತ್ರ ವಾಪಸ್ಸು ಬರಲಿಲ್ಲ. ಮೊದಮೊದಲು ನಾನು ಯಾರಿಗೂ ಹೇಳಲಿಲ್ಲ. ಅಷ್ಟು ಸಣ್ಣದಕ್ಕೆ ಮಗಳು ಆಫೀಸಿಗೆ ರಜೆ ಹಾಕಿ ಡಾಕ್ಟರ ಹತ್ತಿರ ಓಡಬೇಕೇ ಎಂಬ ಸಂಕೋಚ. ನಿಮ್ಮ ಅಮ್ಮನಿಗೆ ಗೊತ್ತಾದದ್ದು ಫ್ಲಶಿಂಗ್‌ನಲ್ಲಿ. ಅಲ್ಲಿನ ಗಣಪತಿ ಗುಡಿಯಲ್ಲಿ ಕರ್ಪೂರದಾರತಿ ಮುಖದ ಮುಂದೆ ಬಂದರೂ ನನಗದು ಬರಿಯ ಬೆಳಕು. ಕೆಳಗೆ ಕ್ಯಾಂಟೀನಿನಲ್ಲಿ ನಿಮ್ಮ ಅಮ್ಮ ತುಪ್ಪದ ದೋಸೆ ಮುಂದಿಟ್ಟಾಗ ನಾನು ಒಂದು ತುತ್ತು ಮುರಿದು ಬಾಯಿಗಿಟ್ಟೆ. ದೋಸೆ ಒದ್ದೆ ರಟ್ಟಿನ ಹಾಗಿತ್ತು. ಕಣ್ಣಲ್ಲಿ ನೀರು ಬಂತು. ಖಾರ ಹತ್ತಿತು ಎಂದೆ. “ದ್ವಾಸಿಗೆ ಎಲ್ಲಿ ಖಾರಬೇ ಯವ್ವಾ?” ಎಂದಳು ನಿಮ್ಮ ಅಮ್ಮ.

ನಿಮಗೆ ಇದು ದೊಡ್ಡ ನಷ್ಟವೆಂದು ಅನಿಸಲಿಕ್ಕಿಲ್ಲ. ನನಗೆ ಯಾಕಾಯಿತೆಂದರೆ, ತೀರಿಹೋದ ನಿಮ್ಮ ಮುತ್ಯಾನ, ನನ್ನ ಗಂಡನ, ಮುಖ ಫೋಟೋದಲ್ಲಿ ಇದೆ. ಧ್ವನಿ ನಿಮ್ಮ ಅಮ್ಮನ ಫೋನಿನಲ್ಲಿ ಇದೆ, ‘ಶೈಲಾ, ಉಂಡಿ ಏನವಾ’ ಎಂದು ಕೇಳುತ್ತದೆ. ಅವರ ವಾಸನೆ ಮಾತ್ರ ಯಾವ ಯಂತ್ರದಲ್ಲೂ ಇಲ್ಲ. ಅದು ಇದ್ದದ್ದು ನನ್ನ ಟ್ರಂಕಿನಲ್ಲಿರುವ ಅವರ ವಲ್ಲಿಯಲ್ಲಿ. ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಬಿಳಿ ವಲ್ಲಿ. ನಾನದನ್ನು ಒಗೆಯದೆ ಮಡಚಿ ತಂದಿದ್ದೆ. ಹಬ್ಬದ ದಿನ ಒಮ್ಮೆ ಟ್ರಂಕು ತೆಗೆದು ಮುಖ ಒತ್ತಿ ಮತ್ತೆ ಮುಚ್ಚುತ್ತಿದ್ದೆ. ಮೂಗು ಹೋದ ಮೇಲೆ ಟ್ರಂಕು ತೆಗೆಯುವ ಧೈರ್ಯವಾಗಲಿಲ್ಲ. ಮುಖ ಒತ್ತಿದಾಗ ಏನೂ ಬರದಿದ್ದರೆ? ಮನುಷ್ಯ ಒಂದು ಸಲ ಹೋಗುವುದು ಸಾಲದೇ?

ಮ್ಯಾನ್‌ಹಟನ್ನಿನ ಡಾಕ್ಟರು, “ದಿನಾ ವಾಸನೆ ನೋಡ್ತಾ ಇರಿ ಆಂಟಿ, ಮೂಗಿಗೂ ವ್ಯಾಯಾಮ ಬೇಕು. ಬಂದ್ರೂ ಬರಬಹುದು” ಎಂದರು. ಬಂದರೂ ಬರಬಹುದು ಎಂದರೆ ಬಾರದಿರಲೂಬಹುದು. ನಾನು ಊರ ಶಾಲೆಯವಳಾದರೂ ಅಷ್ಟು ತಿಳಿಯುತ್ತದೆ.

ಆಗಲೇ ನಿಮ್ಮ ಅಮ್ಮನಿಗೆ ವೈನ್ ಓದಿನ ಹುಚ್ಚು ಹತ್ತಿದ್ದು. ಹಗಲೆಲ್ಲ ಬ್ಯಾಂಕು, ಸಂಜೆ ವೈನ್ ಕ್ಲಾಸು. ಅದಕ್ಕೆ ಪರೀಕ್ಷೆ ಬೇರೆ. ಅವಳ ಹತ್ತಿರ ಅತ್ತರಿನ ಪೆಟ್ಟಿಗೆಯಂಥದೊಂದು ಪೆಟ್ಟಿಗೆ ಇತ್ತು, ತುಂಬ ಬೆರಳುದ್ದದ ಬಾಟಲಿಗಳು. ಒಂದೊಂದರಲ್ಲಿ ಒಂದೊಂದು ವಾಸನೆ. ವೈನಿನಲ್ಲಿ ಏನೇನು ಬರುತ್ತದೋ ಅದನ್ನು ಮೂಗಿಗೆ ಬಾಯಿಪಾಠ ಮಾಡಿಸುವುದು. ಬೆಳಗಿನ ಚಹಾದ ಹೊತ್ತಿಗೆ ಅವಳು ಒಂದೊಂದೇ ಬಾಟಲಿ ನನಗೂ ಹಿಡಿಯತೊಡಗಿದಳು. ಬ್ಲ್ಯಾಕ್‌ಕರಂಟ್ ಎಂಬ ಹಣ್ಣಂತೆ, ವಯೊಲೆಟ್ ಹೂವಂತೆ, ಫ್ರಾನ್ಸಿನ ಕಾಡಿನಲ್ಲಿ ಹಂದಿ ಹುಡುಕಿ ಕೊಡುವ ಅಣಬೆಯಂತೆ. ಮೂಗು ನೆಟ್ಟಗಿದ್ದಾಗಲೂ ನನಗೆ ಗೊತ್ತಿಲ್ಲದ ವಸ್ತುಗಳು ಇವು. ಅಪರಿಚಿತರ ಮನೆಯ ಮುಂದೆ ನಿಂತು ಯಾರನ್ನು ಕೂಗಬೇಕು?

ಕೊನೆಗೆ ನಾನೇ ಖಾಲಿ ಮಸಾಲೆ ಬಾಟಲಿಗಳಲ್ಲಿ ನನ್ನದೊಂದು ಪೆಟ್ಟಿಗೆ ಮಾಡಿಕೊಂಡೆ. ಅಗಸಿ ಚಟ್ನಿ, ಗುರೆಳ್ಳು ಪುಡಿ, ವಿಭೂತಿ, ಒಣಮೆಂತ್ಯ. ತನ್ವಿ ಶಾಲೆಗೆ ಹೋಗುವ ಮುಂಚೆ ಒಂದನ್ನು ತೆರೆದು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. “ಎನಿಥಿಂಗ್, ಆಯಿ?” “ಇಲ್ಲವಾ.” ಅವಳ ಮುಖ ಸಣ್ಣದಾಗುತ್ತಿತ್ತು. ನನ್ನ ಮೂಗಿಗಿಂತ ಆ ಮುಖಕ್ಕಾಗಿ ನನಗೆ ಹೆಚ್ಚು ಸಂಕಟವಾಗುತ್ತಿತ್ತು.

ಅಕ್ಟೋಬರಿನ ರಜೆಯಲ್ಲಿ ನಿಮ್ಮ ಅಮ್ಮ ಬರ್ಗಂಡಿಗೆ ಹೊರಟಳು. ನಿಮ್ಮ ಅಪ್ಪನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅವಳು ವೈನ್ ಮೂಸುವಾಗ ನಿಮ್ಮಿಬ್ಬರನ್ನು ಹಿಡಿದುಕೊಳ್ಳಲು ಕುಡಿಯದವರೊಬ್ಬರು ಬೇಕಲ್ಲ, ಅದಕ್ಕೆ ನಾನು. ಹಾಗಂತ ಅವಳು ಹೇಳಿದಳು. ಆದರೆ ಕೈಚೀಲದಲ್ಲಿ ನನ್ನ ವಿಭೂತಿ ಬಾಟಲಿಯನ್ನೂ ಇಟ್ಟುಕೊಂಡಿದ್ದನ್ನು ನಾನು ನೋಡಿದ್ದೆ.

ಬರ್ಗಂಡಿ ಎಂದರೆ ಫ್ರಾನ್ಸಿನ ಒಂದು ಸೀಮೆ. ಅಲ್ಲಿ ನೆನಪಿರುವುದೆಲ್ಲ ನನಗೆ ಕನಸಿನ ಹಾಗೆ, ಒಂದರ ಮೇಲೊಂದು ಕಲಸಿಕೊಂಡು ಬರುತ್ತದೆ. ಉದ್ದಕ್ಕೆ ಮಲಗಿದ ಒಂದು ದಿನ್ನೆ. ಅದರ ಮೈತುಂಬ ದ್ರಾಕ್ಷಿ. ನಮ್ಮ ವಿಜಾಪುರದ ಕಡೆ ದ್ರಾಕ್ಷಿ ಬಳ್ಳಿ ತಲೆಯ ಮೇಲೆ ಚಪ್ಪರ ಹಾಕುತ್ತದೆ. ಅಲ್ಲಿ ಅದು ನನ್ನ ಹಾಗೆ ಕುಳ್ಳಿ. ಹಣ್ಣು ಕೊಯ್ದಾಗಿತ್ತು. ಎಲೆಗಳು ಅರಿಶಿನ ಕಲಸಿದ ಬಣ್ಣಕ್ಕೆ ತಿರುಗಿ ಬಿಸಿಲನ್ನು ಒಳಗಿನಿಂದಲೇ ಬಿಡುವ ಹಾಗೆ ಕಾಣುತ್ತಿದ್ದವು. ಬೆಳಿಗ್ಗೆ ಮಂಜು ತಗ್ಗಿನಲ್ಲಿ ನಿಂತಿರುತ್ತಿತ್ತು. ಅದರೊಳಗಿನಿಂದ ಒಂದು ಚರ್ಚಿನ ಗಂಟೆ. ಬಸವ ಸಾಲುಗಳ ನಡುವೆ ಓಡಿ ಮಂಜಿನಲ್ಲಿ ಮರೆಯಾಗುತ್ತಿದ್ದ. ಆಮೇಲೆ ಅವನ ಕೆಂಪು ಟೊಪ್ಪಿಗೆ ಮಾತ್ರ ತೇಲಿಕೊಂಡು ಬರುತ್ತಿತ್ತು.

ಒಂದು ಗಾಡಿ ಹೋಗುವಷ್ಟು ಅಗಲದ ಮಣ್ಣದಾರಿಯ ಮೇಲೆ ನಿಮ್ಮ ಅಮ್ಮ ನಿಂತು ಹೇಳಿದಳು: “ಈ ಕಡೆ ಹೊಲದ ವೈನಿಗೆ ಒಂದು ಹೆಸರು. ಆ ಕಡೆ ಹೊಲದ್ದಕ್ಕ ಬ್ಯಾರೆ ಹೆಸರು. ಬಳ್ಳಿ ಒಂದ, ಮಾಡೋರೂ ಒಬ್ಬರ. ರುಚಿ ಮಾತ್ರ ಬ್ಯಾರೆ. ಮಣ್ಣು, ಇಳಿಜಾರು, ಬಿಸಿಲು, ನೀರು ನಿಲ್ಲೋದು ಬಿಡೋದು, ಎಲ್ಲಾ ಸೇರಿ ಹಂಗಾಗ್ತದ. ಇದಕ್ಕ ಟೆರ್ವಾರ್ ಅಂತಾರ.”

“ಅದಕ್ಕ ಅಷ್ಟು ದೊಡ್ಡ ಹೆಸರ ಯಾಕ ಬೇಕ? ಹೊಲದ ಗುಣ ಅಂದ್ರ ಆತಲ್ಲ.”

“ಅಷ್ಟ ಸರಳ ಇದ್ದಿದ್ರ ನಾ ಯಾಕ ಪರೀಕ್ಷಾ ಬರೀತಿದ್ದೆ ಯವ್ವಾ?”

ನನಗೆ ನಮ್ಮ ಹೊಲಗಳು ನೆನಪಾದವು. ಅವಕ್ಕೂ ಹೆಸರಿದ್ದವು. ಹುಣಸಿಗಿಡದ ಹೊಲ, ಹಳ್ಳದ ಪಟ್ಟಿ, ಅತ್ತೆಯ ತವರಿನಿಂದ ಬಂದ ಅರಿಶಿನದ ತುಂಡು. ಕಪ್ಪು ಎರೆ ಮಣ್ಣಿನ ಜೋಳದ ರೊಟ್ಟಿ ತಟ್ಟಿದಷ್ಟೂ ಅಗಲವಾಗುತ್ತಿತ್ತು. ಕೆಂಪು ಮಸಾರಿ ಮಣ್ಣಿನ ಜೋಳದ್ದು ಅಂಚಿನಲ್ಲಿ ಬಿರಿಯುತ್ತಿತ್ತು. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂದು ನಮ್ಮ ಕಡೆ ಗಾದೆಯೇ ಇದೆ. ಆ ಹೊಳೆಯ ನೀರು ಉಪ್ಪು, ದಂಡೆಯ ಮಣ್ಣು ಬಂಗಾರ.

ಬರ್ಗಂಡಿಯ ಮಣ್ಣಿನಲ್ಲಿ ಬಿಳಿಯ ಸುಣ್ಣಕಲ್ಲುಗಳು. ಹಿಂದೆ ಎಂದೋ ಅಲ್ಲಿ ಸಮುದ್ರವಿತ್ತಂತೆ. ತನ್ವಿ ಹೆಕ್ಕಿದ ಕಲ್ಲಿನಲ್ಲಿ ಚಿಪ್ಪಿನ ಗುರುತು ಉಗುರಿನಲ್ಲಿ ಗೀರಿದ ಹಾಗೆ ಇತ್ತು. ಸಮುದ್ರ ಸತ್ತು ಸುಣ್ಣವಾಗಿ, ಸುಣ್ಣ ದ್ರಾಕ್ಷಿಯಾಗಿ, ದ್ರಾಕ್ಷಿ ಸೀಸೆ ಸೇರಿ, ಯಾರದೋ ಮೂಗಿನಲ್ಲಿ ಮತ್ತೆ ಸಮುದ್ರವಾಗುತ್ತದೆಯೋ ಏನೋ. ನಾನು ಬಗ್ಗಿ ಒಂದು ಹೆಂಟೆ ಎತ್ತಿ ಮೂಸಿದೆ.

“ಎನಿಥಿಂಗ್, ಆಯಿ?”

ಇಲ್ಲ. ತಣ್ಣಗಿತ್ತು, ಅಷ್ಟೆ.

ವೈನ್ ರುಚಿ ನೋಡುವ ಕೋಣೆಯಲ್ಲಿ ಇನ್ನೊಂದು ತಮಾಷೆ. ದೊಡ್ಡ ದೊಡ್ಡವರೆಲ್ಲ ಬಾಯಿಗೆ ವೈನ್ ಹಾಕಿ, ಗಳಗಳ ಮಾಡಿ, ಒಂದು ಪಾತ್ರೆಗೆ ಉಗುಳುತ್ತಿದ್ದರು. ನನಗೆ ಗುರುತು ಹತ್ತಿತು. ಪೀಕದಾನಿ! ನಮ್ಮ ಮಾವನವರ ಹಿತ್ತಾಳೆಯ ಪೀಕದಾನಿಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ನನ್ನ ಹರೆಯ ಹೋಗಿದೆ. ಅದನ್ನು ತಪ್ಪಿಸಿಕೊಂಡೆ ಎಂದು ವಿಮಾನ ಹತ್ತಿ ಬಂದರೆ ಇಲ್ಲಿ ಬೆಳ್ಳಿಯದು! ನಿಮ್ಮ ಅಮ್ಮ ಒಂದು ಗ್ಲಾಸು ನನ್ನ ಮುಂದೆ ಹಿಡಿದು, “ಕುಡೀಬ್ಯಾಡ ಯವ್ವಾ, ಬರೇ ಮೂಸು. ಮೂಸಿದ್ರ ಶಿವಾ ಏನೂ ಅನ್ನಂಗಿಲ್ಲ” ಎಂದಳು. ಮೂಸಿದೆ. ಕೆಂಪು ನೀರು. ಅವಳು ಗ್ಲಾಸನ್ನು ಹಿಂದಕ್ಕೆ ತೆಗೆದುಕೊಂಡಳು. ಆ ದಿನ ಪರೀಕ್ಷೆಗೆಂದು ವೈನಿನ ಟಿಪ್ಪಣಿ ಬರೆದುಕೊಳ್ಳುವುದನ್ನೂ ಬಿಟ್ಟಳು.

ಮರುದಿನ ಹೋದದ್ದು ಒಂದು ಸಣ್ಣ ಮನೆತನದ ತೋಟಕ್ಕೆ. ಯಜಮಾನಿ ನನ್ನ ವಯಸ್ಸಿನವಳು. ರಬ್ಬರ್ ಬೂಟು, ಕುತ್ತಿಗೆಗೆ ಮಫ್ಲರ್, ಕೆಲಸ ಮಾಡಿದ ಬೆರಳು. ಅವಳಿಗೆ ಇಂಗ್ಲಿಷ್ ಅರ್ಧ, ನನಗೆ ಅದರ ಅರ್ಧ. ಅಂಗಳದ ಮೂಲೆಯಲ್ಲಿ ಒಂದು ಗಿಡ್ಡ ಬಾಗಿಲು, ಒಳಗೆ ಕೆಳಕ್ಕಿಳಿಯುವ ಕಲ್ಲಿನ ಮೆಟ್ಟಿಲು, ಅದರಾಚೆ ಕತ್ತಲೆ. ಕೆಳಗೆ ನೆಲಮಾಳಿಗೆಯಲ್ಲಿ ಈ ಸಲದ ದ್ರಾಕ್ಷಿರಸ ಇನ್ನೂ ಹುಳಿಯುತ್ತಿದೆ ಎಂದು ಅವಳು ಹೇಳಿದಳು. ನಿಮ್ಮ ಅಮ್ಮ ಅದನ್ನು ನನಗೆ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬಸವ ಬಾಗಿಲಿಗೆ ಓಡಿದ.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೆ ಹಗೇವು ಗೊತ್ತಿಲ್ಲ. ನಮ್ಮ ಊರಿನಲ್ಲಿ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಮನೆಯ ಮುಂದೆಯೇ ಆಳವಾದ ಗುಂಡಿ, ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಗಡಿಗೆಯ ಹಾಗೆ. ಸುತ್ತ ಜೋಳದ ದಂಟಿನ ಕಣಿಕೆ ಒತ್ತಿ, ಜೋಳ ತುಂಬಿ, ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಥಟ್ಟನೆ ಇಳಿಯುವ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಇಳಿದವರು ಕೂಗುವುದಕ್ಕೂ ಪುರುಸೊತ್ತಿಲ್ಲದೆ ಹೋಗಿಬಿಡುತ್ತಾರೆ. ಬಾಯಿ ತೆರೆದಿಟ್ಟು ಕಾಯಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು.

ನಾನು ಲಗ್ನವಾಗಿ ಬಂದ ಹೊಸದು. ಹಗೇವು ತೆಗೆಯುವ ದಿನ ಓಣಿಯ ಗಂಡಸರೆಲ್ಲ ಸೇರಿದ್ದರು. ನಾನು ತಲೆ ತುಂಬ ಸೆರಗು ಹೊದ್ದು ಬಾಗಿಲ ಹಿಂದೆ ನಿಂತಿದ್ದೆ. ನಿಮ್ಮ ಮುತ್ಯಾನ ಜೊತೆ ನಾಲ್ಕು ಜನರ ಮುಂದೆ ಮಾತಾಡಿದವಳೇ ಅಲ್ಲ. ಕಂದೀಲು ಇಳಿಸಿದ್ದರು. ಗಂಡಸರು ಏನೋ ಮಾತಿನಲ್ಲಿದ್ದರು. ನಾನು ನೋಡುತ್ತಿದ್ದ ಹಾಗೆಯೇ ಹಗೇವಿನ ಬಾಯಿಂದ ಬರುತ್ತಿದ್ದ ಹಳದಿ ಬೆಳಕು ಸಣ್ಣಗಾಗಿ, ಇಲ್ಲವಾಯಿತು. ನಿಮ್ಮ ಮುತ್ಯಾ ಅತ್ತ ಬೆನ್ನು ಮಾಡಿ ಒಂದು ಕಾಲು ಒಳಗೆ ಬಿಟ್ಟಿದ್ದರು.

“ಇಳೀಬ್ಯಾಡ್ರೀ!”

ಯಾರು ಕೂಗಿದ್ದೆಂದು ನಾನೂ ಹಿಂದೆ ತಿರುಗಿ ನೋಡಿದೆ. ನಾನೇ. ನಿಮ್ಮ ಮುತ್ಯಾ ಕಾಲು ಮೇಲೆ ತೆಗೆದುಕೊಂಡರು. ಆಮೇಲೆ ಮಾವನವರು ಪೀಕದಾನಿಗೆ ಉಗುಳಿ, “ಸೊಸಿಗೆ ಬಾಯಿ ಐತಿ ಅಂತ ಇವತ್ತ ಗೊತ್ತಾತು ನೋಡ್ರಿ” ಎಂದರು. ಎಲ್ಲರೂ ನಕ್ಕರು. ಸಂಜೆಯ ಹೊತ್ತಿಗೆ ಗಾಳಿ ತಿಳಿಯಾಗಿ ನಿಮ್ಮ ಮುತ್ಯಾ ಇಳಿದು, ಜೋಳ ತುಂಬಿ ಕಳಿಸಿ, ಮೇಲೆ ಬಂದರು. ನೀರು ಕೊಡಲು ಹೋದಾಗ ಅವರ ಮೈಯಿಂದ ಒಂದು ವಾಸನೆ ಬಂತು. ಹಳೆಯ ಜೋಳ, ಬೆಚ್ಚನೆಯ ಮಣ್ಣು, ಚೂರು ಹುಳಿ. ನೀರು ಕುಡಿದು ವಲ್ಲಿಯಿಂದ ಬಾಯಿ ಒರೆಸಿಕೊಳ್ಳುತ್ತ, “ಮತ್ತ ಒಮ್ಮೆ ಕೂಗು ನೋಡೂನು” ಎಂದರು. ನನ್ನ ಮದುವೆ ಆದದ್ದು ಆ ಸಂಜೆ ಎಂದೇ ನಾನು ತಿಳಿದಿದ್ದೇನೆ.

ಈಗ ಬರ್ಗಂಡಿಗೆ ಬನ್ನಿ. ಕತ್ತಲೆಯ ಮೆಟ್ಟಿಲು, ಹುಳಿಯುತ್ತಿರುವ ರಸ, ಬಸವನ ಒಂದು ಕಾಲು ಒಳಗೆ.

“ಇಳೀಬ್ಯಾಡಾ!”

ಆ ಅಂಗಳದಲ್ಲಿ ಪಾರಿವಾಳಗಳು ಎದ್ದವು. ಬಸವ ಕಲ್ಲಿನಂತೆ ನಿಂತ. ಜೊತೆಗೆ ಬಂದಿದ್ದ ಪ್ರವಾಸಿಗಳು ನನ್ನ ಕಡೆ ತಿರುಗಿದರು. “ಯವ್ವಾ, ಏನಾತು? ಎಲ್ಲಾರೂ ನೋಡಾಕತ್ತಾರ” ಎಂದು ನಿಮ್ಮ ಅಮ್ಮ ನನ್ನ ತೋಳು ಹಿಡಿದಳು.

“ದೀಪಾ ಇಳಿಸ್ರಿ ಮೊದಲ. ದೀಪಾ ಇಳಸಲಾರದ ಯಾರೂ ಇಳಿಯಂಗಿಲ್ಲ.”

“ಫ್ಯಾನ್ ಐತಿ, ಕೆಟ್ಟ ಗಾಳಿ ನೋಡೋ ಮಷಿನ್ ಐತಿ. ಗ್ವಾಡಿ ಮ್ಯಾಲೆ ನೋಡಲ್ಲಿ, ಹಸರ ಲೈಟ್!”

ಇತ್ತು. ಗೋಡೆಯ ಮೇಲೆ ಪುಟ್ಟ ಹಸಿರು ದೀಪವೊಂದು ಗಾಳಿ ಚೆನ್ನಾಗಿದೆ ಎಂದು ಮಿಣುಕುತ್ತಿತ್ತು. ದೊಡ್ಡ ಫ್ಯಾನು ಗುಂಯ್‌ಗುಟ್ಟುತ್ತಿತ್ತು. ಅದರ ಸದ್ದನ್ನು ನಾನು ಫ್ರಿಜ್ಜಿನದೆಂದು ತಿಳಿದಿದ್ದೆ. ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಎನಿಸಿತು. ಬಾಯಿ ಬಿಟ್ಟ ನೆಲ ಎದುರಿಗೇ ಇತ್ತು, ಇಳಿಯಬೇಡಿ ಎಂದವಳೂ ನಾನೇ.

ಯಜಮಾನಿ ಏನೆಂದು ಕೇಳಿದಳು. ನಿಮ್ಮ ಅಮ್ಮ ಮುಖ ಕೆಂಪು ಮಾಡಿಕೊಂಡು ಹಗೇವು, ಜೋಳ, ಕಂದೀಲು ಎಲ್ಲ ವಿವರಿಸಿದಳು. ಆ ಹೆಂಗಸು ನಗಲಿಲ್ಲ. ಮನೆಯೊಳಗೆ ಹೋಗಿ ಒಂದು ಮೋಂಬತ್ತಿ ತಂದಳು. ತನ್ನ ತಂದೆಯೂ ಹೀಗೇ ಮಾಡುತ್ತಿದ್ದ, ಯಂತ್ರ ಬಂದ ಮೇಲೆ ಬಿಟ್ಟಿದ್ದೇವೆ ಎಂದಳಂತೆ. ಬತ್ತಿ ಹಚ್ಚಿ ನನ್ನ ಕೈಗೆ ಕೊಟ್ಟಳು. ನಾವಿಬ್ಬರೂ ಮುದುಕಿಯರು ಮುಂದೆ, ಹಿಂದೆ ನೀವು. ಒಂದೊಂದು ಮೆಟ್ಟಿಲಿಗೂ ಬತ್ತಿಯನ್ನು ಕೆಳಗೆ ಹಿಡಿದು, ಉರಿ ನೆಟ್ಟಗಿದೆಯೇ ನೋಡಿ, ಹೆಜ್ಜೆ ಇಟ್ಟೆವು. ಅಗತ್ಯವಿರಲಿಲ್ಲ. ಆದರೂ ಅವಳು ನನ್ನ ಜೊತೆ ಅಷ್ಟು ನಿಧಾನವಾಗಿ ಇಳಿದಳು.

ಕೆಳಗೆ ಕಮಾನಿನ ಕಲ್ಲುಗೋಡೆ, ಮಸಿ ಹಿಡಿದ ಹಾಗೆ ಬೂಷ್ಟು, ಸಾಲಾಗಿ ಪೀಪಾಯಿಗಳು. ಒಳಗೆ ರಸ ಗುಸುಗುಸು ಎನ್ನುತ್ತಿತ್ತು, ಪಕ್ಕದ ಮನೆಯಲ್ಲಿ ಯಾರೋ ಮಾತಾಡಿಕೊಂಡ ಹಾಗೆ. “ಇಟ್ ಸ್ಮೆಲ್ಸ್ ಲೈಕ್ ಸಾಕ್ಸ್” ಎಂದ ಬಸವ. ನಾನು ಒಂದು ಪೀಪಾಯಿಯ ಮೇಲೆ ಕೈ ಇಟ್ಟು ನಿಂತೆ. ಮೋಂಬತ್ತಿಯ ಉರಿ ಒಮ್ಮೆ ಓಲಿತು. ಆಗ ಬಂತು. ಎಲ್ಲಿಂದಲೋ, ತುಂಬ ದೂರದಿಂದ, ಬೇಲಿಯಾಚೆ ಯಾರೋ ನಡೆದುಹೋದ ಹಾಗೆ. ಹಳೆಯ ಕಾಳು. ಬೆಚ್ಚನೆಯ ಮಣ್ಣು. ಚೂರು ಹುಳಿ.

ನನ್ನ ಮುಖದಲ್ಲಿ ಏನು ಕಂಡಿತೋ, ತನ್ವಿ ಹತ್ತಿರ ಬಂದು ಪಿಸುಗುಟ್ಟಿದಳು. “ಆಯಿ? ಎನಿಥಿಂಗ್?”

“ಐತಿ,” ಎಂದೆ. “ಐತಿ ಯವ್ವಾ. ಹಗೇವು.”

ನಿಮ್ಮ ಅಮ್ಮ ಆ ಕತ್ತಲೆಯಲ್ಲೇ ನನ್ನನ್ನು ತಬ್ಬಿಕೊಂಡಳು. ಅಷ್ಟರಲ್ಲಿ ಅದು ಹೋಗಿತ್ತು. ಬಂದದ್ದು ಮೂಗಿಗೋ, ನೆನಪಿಗೋ? ಇವತ್ತಿಗೂ ನಾನು ಆಣೆ ಮಾಡಿ ಹೇಳಲಾರೆ. ಟೆಕ್ಸಸ್ಸಿನ ಹಿಟ್ಟಿನಲ್ಲಿ ಡೋಣಿಯನ್ನು ಮೂಸಿದ ಮೂಗು ಇದು. ಹೊರಡುವಾಗ ಆ ಯಜಮಾನಿ ಬಾಟಲಿಯೊಂದನ್ನು ತೆರೆದು ದೊಡ್ಡವರಿಗೆಲ್ಲ ಬಗ್ಗಿಸಿದಳು. ನನಗೆ ಮಾತ್ರ ಬಿರಡೆ ಕೊಟ್ಟಳು.

ಅದೇ ಬಿರಡೆ ಇದು. ಇವತ್ತು ನೀವಿಬ್ಬರೂ ಶಾಲೆಗೆ, ಅಮ್ಮ ಬ್ಯಾಂಕಿಗೆ ಹೋದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕಿಟಕಿಯ ಹತ್ತಿರ ಕೂತಿದ್ದೆ. ಸೇತುವೆಯ ಮೇಲೆ ಕಾರುಗಳು ಇರುವೆ ಸಾಲಿನ ಹಾಗೆ ಮ್ಯಾನ್‌ಹಟನ್ನಿಗೆ ಹೋಗುತ್ತಿದ್ದವು. ಆಮೇಲೆ ಎದ್ದು ಟ್ರಂಕು ತೆಗೆದೆ.

ಥಟ್ಟನೆ ಮುಖ ಒತ್ತಲಿಲ್ಲ. ಮುಚ್ಚಳ ತೆರೆದಿಟ್ಟು ಹೋಗಿ ಚಹಾ ಮಾಡಿಕೊಂಡು ಕುಡಿದೆ. ಮರಳಿ ಬಂದು ದೇವರ ದೀಪವನ್ನು ಟ್ರಂಕಿನ ಪಕ್ಕ ಇಟ್ಟೆ. ನಗಬೇಡಿ. ಆಮೇಲೆ ವಲ್ಲಿಯನ್ನು ಎತ್ತಿ ಮೂಗಿಗೆ ಹಿಡಿದೆ.

ಬಂತು. ಡಾಂಬರು ಗುಳಿಗೆಯ ವಾಸನೆ! ಕಣ್ಣು ಉರಿಯುವಷ್ಟು. ಜ್ವರ ಬರುವ ಮುಂಚೆ ಕೊನೆಯ ಸಲ ಟ್ರಂಕು ಮುಚ್ಚುವಾಗ, ಹುಳ ಬೀಳದಿರಲಿ ಎಂದು ನಾನೇ ಹಾಕಿ ಮರೆತಿದ್ದ ಗುಳಿಗೆ. ಖಾಲಿ ಮನೆಯಲ್ಲಿ ಒಬ್ಬಳೇ ನಕ್ಕೆ. ಅದು ನೆನಪಲ್ಲ, ನೆನಪು ಅಷ್ಟು ಕೆಟ್ಟದಾಗಿ ನಾರುವುದಿಲ್ಲ. ಮೂಗು ಬಂದಿದೆ, ಪೂರ್ತಿಯಲ್ಲದಿದ್ದರೂ ಒಂದು ಕಾಲು ಒಳಗಿಟ್ಟಿದೆ. ಗುಳಿಗೆಗಳನ್ನೆಲ್ಲ ತೆಗೆದು ಬಿಸಾಕಿ, ವಲ್ಲಿಯನ್ನು ಕುರ್ಚಿಯ ಮೇಲೆ ಗಾಳಿಗೆ ಹರಡಿದ್ದೇನೆ. ಗುಳಿಗೆಯ ಘಾಟು ಹೋದ ಮೇಲೆ ಕೆಳಗೆ ಇನ್ನೇನಿದೆಯೋ ನೋಡಬೇಕು. ಅವಸರವಿಲ್ಲ. ಈಗ ನೀವು ಬರುವ ಹೊತ್ತು. ಮೊದಲು ಬಸವನ ಬೆವರಿದ ತಲೆಯನ್ನು ಮೂಸುವುದಿದೆ.

ಮಕ್ಕಳೇ, ಈ ಹಾಳೆಗಳನ್ನು ಆ ವಲ್ಲಿಯ ಮಡಿಕೆಯಲ್ಲಿ ಇಡುತ್ತೇನೆ, ಬಿರಡೆಯನ್ನೂ ಜೊತೆಗೆ. ಜೋಪಾನ ಮಾಡಿ. ಡಾಂಬರು ಗುಳಿಗೆ ಮಾತ್ರ ಹಾಕಬೇಡಿ, ಹುಳ ತಿಂದಷ್ಟು ತಿನ್ನಲಿ. ಎಂದಾದರೂ ಟ್ರಂಕು ತೆರೆದಾಗ ಕೂಡಲೇ ಓದಲು ಕೂರಬೇಡಿ. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಬಿಡಿ, ಪಕ್ಕದಲ್ಲೊಂದು ದೀಪ ಇಡಿ. ಉರಿ ನೆಟ್ಟಗೆ ನಿಂತ ಮೇಲೆ ಇಳಿಯಿರಿ. ನಿಮ್ಮ ಮುತ್ಯಾ, ನಾನು, ಇಬ್ಬರೂ ಕೆಳಗೇ ಇರುತ್ತೇವೆ.